ಜರ್ಮನಿಯಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ.: ನಾಲ್ಕು ಸೆಮಿಸ್ಟರ್ ಮುಗಿಸಿದವನ ವಿಮರ್ಶೆ

ಸಾವಿರಾರು ಯೂರೋ ಹಣವನ್ನೂ ಎರಡು ವರ್ಷದ ಆಯುಷ್ಯವನ್ನೂ ತೆತ್ತು ಪಡೆಯುವ ಪದವಿಯನ್ನು, ಹಣ ಕೊಟ್ಟು ಪಡೆಯುವ ಬೇರೆ ಸೇವೆಗಳಂತೆಯೇ ಒರೆಗೆ ಹಚ್ಚಿ ನೋಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ಇಂಗ್ಲಿಷ್ ಮಾಧ್ಯಮದ ಭೌತಶಾಸ್ತ್ರ ಎಂ.ಎಸ್‌ಸಿ. ಕೋರ್ಸಿನಲ್ಲಿ. ಬರಹದಲ್ಲಿ ದೂರುಗಳೂ ಇರುವುದರಿಂದ ಆ ವಿಶ್ವವಿದ್ಯಾಲಯದ ಹೆಸರನ್ನು ಹೇಳುವುದಿಲ್ಲ. ಆದರೂ ಕೋರ್ಸಿನ ಚೌಕಟ್ಟು ಆ ದೇಶದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಬೇರೆ ಊರಿಗೆ ಹೊರಟವರಿಗೂ ಇದು ಉಪಯೋಗಕ್ಕೆ ಬಂದೀತು.

ಒಟ್ಟು 120 ಕ್ರೆಡಿಟ್‌ಗಳು, ನಾಲ್ಕು ಸೆಮಿಸ್ಟರುಗಳು. ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ದುಡಿಮೆ ಎಂಬುದು ಅಲ್ಲಿನ ಲೆಕ್ಕ. ಹಾಗಾಗಿ ಪದವಿಯ ಅಧಿಕೃತ ಬೆಲೆ 3,600 ಗಂಟೆ. ಮೊದಲ 60 ಕ್ರೆಡಿಟ್‌ಗಳು ತರಗತಿ, ಪ್ರಯೋಗಾಲಯ ಮತ್ತು ಸೆಮಿನಾರಿಗೆ ಹೋದರೆ, ಉಳಿದ 60 ಇಡಿಯಾಗಿ ಸಂಶೋಧನೆಗೆ ಮೀಸಲು. ಕೋರ್ಸನ್ನು ಆರಿಸುವವರು ಸಾಮಾನ್ಯವಾಗಿ ಮೊದಲ ವರ್ಷದ ವಿಷಯಪಟ್ಟಿಯನ್ನೂ ವಿಶ್ವವಿದ್ಯಾಲಯದ ರ‍್ಯಾಂಕನ್ನೂ ನೋಡುತ್ತಾರೆ. ನಾನೂ ಅದನ್ನೇ ಮಾಡಿದೆ. ನೋಡಬೇಕಾಗಿದ್ದುದು ಎರಡನೆಯ ವರ್ಷದಲ್ಲಿ ನಾನು ಯಾವ ಗುಂಪಿನ ಯಾವ ಉಪಕರಣದ ಮುಂದೆ ಕುಳಿತಿರುತ್ತೇನೆ ಎಂಬುದನ್ನು. ಅದು ತಿಳಿಯುವಷ್ಟರಲ್ಲಿ ಮೂರನೆಯ ಸೆಮಿಸ್ಟರ್ ಬಂದಿತ್ತು.

ಪ್ರವೇಶದ ಹಂತದಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನು ಕಂಡ ಅನ್ಯಾಯಗಳಲ್ಲಿ ಮೊದಲನೆಯದು ಅಲ್ಲಿಯೇ ಇದೆ. ಭಾರತದಿಂದ ಹೋಗುವವರು 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ ಎ.ಪಿ.ಎಸ್. ಪ್ರಮಾಣಪತ್ರವನ್ನು ಒದಗಿಸಬೇಕು, ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸುವ ಈ ಕೆಲಸಕ್ಕೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಎಲ್ಲಕ್ಕಿಂತ ಮೊದಲು ಇದಕ್ಕೇ ಅರ್ಜಿ ಹಾಕುವುದು ಕ್ಷೇಮ. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯನ್ನು ನೇರವಾಗಿ ತೆಗೆದುಕೊಳ್ಳದೆ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ತರಿಸಿಕೊಳ್ಳುತ್ತವೆ. ಆಮೇಲೆ ನಮ್ಮ ಅಂಕಗಳು ಜರ್ಮನ್ ಶ್ರೇಣಿಗೆ ತಿರುಗುತ್ತವೆ. ಅಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣದ ಅಂಚು. ಗರಿಷ್ಠ ಅಂಕದಿಂದ ನಮ್ಮ ಅಂಕವನ್ನು ಕಳೆದು, ಗರಿಷ್ಠ ಅಂಕಕ್ಕೂ ಉತ್ತೀರ್ಣದ ಅಂಕಕ್ಕೂ ನಡುವಿನ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. ಇದಕ್ಕೆ ಪರಿಷ್ಕೃತ ಬವೇರಿಯನ್ ಸೂತ್ರವೆಂದು ಹೆಸರು. ಉತ್ತೀರ್ಣಕ್ಕೆ 40 ಅಂಕ ಸಾಕಾಗುವ ಕಡೆ ಓದಿದವನ ಶೇ. 78 ಈ ಸೂತ್ರದಲ್ಲಿ 2.1 ಆಗುತ್ತದೆ, ಉತ್ತೀರ್ಣಕ್ಕೆ 50 ಬೇಕಾಗುವ ಕಡೆ ಓದಿದವನ ಅದೇ ಶೇ. 78 ಇಳಿದು 2.3 ಆಗುತ್ತದೆ. ಬಿಗಿಯಾದ ಪರೀಕ್ಷೆಯನ್ನು ಬರೆದವನೇ ಹಿಂದೆ ಬೀಳುವ ಈ ಗಣಿತವನ್ನು ಭೌತಶಾಸ್ತ್ರ ವಿಭಾಗವೊಂದು ತುಟಿಪಿಟಕ್ಕೆನ್ನದೆ ಒಪ್ಪಿಕೊಂಡಿರುವುದು ನನಗೆ ಇಂದಿಗೂ ಸೋಜಿಗ. ಗರಿಷ್ಠ ಅಂಕವನ್ನು ಯಾರೂ ಎಂದೂ ಮುಟ್ಟದ ವಿಶ್ವವಿದ್ಯಾಲಯಗಳಿಂದ ಬಂದವರ ಗತಿಯನ್ನಂತೂ ಕೇಳುವುದೇ ಬೇಡ.

ಶ್ರೇಣಿಗಿಂತಲೂ ಹೆಚ್ಚು ಅರ್ಜಿಗಳನ್ನು ಬೀಳಿಸುವುದು ವಿಷಯಗಳ ಹೊಂದಾಣಿಕೆ. ಅಲ್ಲಿನ ಬಿ.ಎಸ್‌ಸಿ. 180 ಕ್ರೆಡಿಟ್‌ಗಳದ್ದು, ಅದರಲ್ಲಿ ಯಂತ್ರಶಾಸ್ತ್ರ, ವಿದ್ಯುತ್ಕಾಂತತೆ, ಕ್ವಾಂಟಂ ಯಂತ್ರಶಾಸ್ತ್ರ, ಸಂಖ್ಯಾಶಾಸ್ತ್ರೀಯ ಭೌತಶಾಸ್ತ್ರ ಎಂಬ ನಾಲ್ಕು ಸೈದ್ಧಾಂತಿಕ ಪತ್ರಿಕೆಗಳನ್ನು ಕ್ರಮವಾಗಿ ಓದಿಸಿರುತ್ತಾರೆ. ಮೂರು ವಿಷಯಗಳನ್ನು ಸಮಸಮವಾಗಿ ಹಂಚಿಕೊಂಡು ಪದವಿ ಮಾಡಿದವರ ಅಂಕಪಟ್ಟಿಯಲ್ಲಿ ಭೌತಶಾಸ್ತ್ರದ ಪಾಲು ಮೂರನೇ ಒಂದರಷ್ಟೇ ಇರುವುದರಿಂದ, ಪ್ರವೇಶ ಸಮಿತಿಯು ಕ್ರೆಡಿಟ್ ಎಣಿಸುವಾಗ ಶ್ರೇಣಿ ಎಷ್ಟೇ ಚೆನ್ನಾಗಿದ್ದರೂ ಅರ್ಜಿ ಬಿದ್ದುಹೋಗಬಹುದು. ಪ್ರತಿಯೊಂದು ಪತ್ರಿಕೆಯ ಪಠ್ಯಕ್ರಮವನ್ನು, ಬಳಸಿದ ಪಠ್ಯಪುಸ್ತಕದ ಹೆಸರಿನೊಡನೆ, ಅರ್ಜಿಯ ಜೊತೆ ಲಗತ್ತಿಸಿದ್ದರಿಂದ ನನಗೆ ಅನುಕೂಲವಾಯಿತು. ‘ಫಿಸಿಕ್ಸ್ ಪೇಪರ್ ಆರು’ ಎಂದಷ್ಟೇ ನಮೂದಿಸಿದ ಅಂಕಪಟ್ಟಿಯನ್ನು ಓದಿ ಅದರೊಳಗೆ ಕ್ವಾಂಟಂ ಯಂತ್ರಶಾಸ್ತ್ರವಿದೆಯೆಂದು ಊಹಿಸುವ ಸಮಿತಿ ಎಲ್ಲಿಯೂ ಇಲ್ಲ.

ಹಣದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರಿಗೊಮ್ಮೆ ಕಟ್ಟುವ ವಂತಿಗೆ ಮಾತ್ರ ಇದೆ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಹೊರದೇಶದವರಿಗೆ ಶುಲ್ಕ ಹಾಕಿದೆ. ವೀಸಾಕ್ಕಾಗಿ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗಿಷ್ಟೆಂದು ಮಾತ್ರ ಹಣ ತೆಗೆಯಬಹುದಾದ ಖಾತೆ) ಇಡಬೇಕಾದ ಮೊತ್ತ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 11,904 ಯೂರೋ ಎಂದು ನಿಗದಿಯಾಯಿತು, ಅಂದರೆ ತಿಂಗಳಿಗೆ ಕೈಗೆ ಸಿಗುವುದು 992. ದುಬಾರಿ ಊರುಗಳಲ್ಲಿ ಇದರ ಅರ್ಧಕ್ಕಿಂತ ಹೆಚ್ಚು ಕೋಣೆಯ ಬಾಡಿಗೆಗೇ ಹೋಗುತ್ತದೆ. ಇಲ್ಲಿ ದೂರುವಂಥದ್ದು ಏನೂ ಇಲ್ಲ. ಪ್ರಯೋಗಾಲಯದಲ್ಲಿ ನನ್ನ ಕೈಗೆ ಒಪ್ಪಿಸಿದ ಉಪಕರಣಗಳ ಬೆಲೆಯನ್ನು ನೆನೆದರೆ ಈ ಸೇವೆ ಅಗ್ಗವೆಂದೇ ಹೇಳಬೇಕು.

ತರಗತಿಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟೇನೂ ಉತ್ಸಾಹದ್ದಲ್ಲ. ವೇಳಾಪಟ್ಟಿಯಲ್ಲಿ ಹತ್ತು ಗಂಟೆ ಎಂದಿದ್ದರೆ ಪಾಠ ಹತ್ತೂಕಾಲಿಗೆ ಆರಂಭವಾಗುತ್ತದೆ. ಮೊದಲ ದಿನ ಖಾಲಿ ಕೋಣೆಯಲ್ಲಿ ಕುಳಿತು ತಪ್ಪು ಕಟ್ಟಡಕ್ಕೆ ಬಂದೆನೆಂದು ಹೆದರಿದವನು ನಾನೊಬ್ಬನೇ ಅಲ್ಲವೆಂದು ಆಮೇಲೆ ತಿಳಿಯಿತು. ತೊಂಬತ್ತು ನಿಮಿಷಗಳ ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣುಗಳಿಂದ ಮೇಜನ್ನು ಬಡಿಯುತ್ತಾರೆ. ಹಾಜರಾತಿ ಕೂಗುವುದಿಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ಸಾಲನ್ನೂ ಬಿಡಿಸಿ ಬರೆಯುವ ಒಬ್ಬಿಬ್ಬರು ಅಧ್ಯಾಪಕರನ್ನು ಬಿಟ್ಟರೆ, ಉಳಿದವರ ಪಾಠ ಅವರೇ ಒದಗಿಸಿದ ಟಿಪ್ಪಣಿಗಳ ವಾಚನದಂತಿತ್ತು. ಇಷ್ಟನ್ನೇ ಕೊಟ್ಟಿದ್ದರೆ ಈ ಕೋರ್ಸಿಗೆ ಐದರಲ್ಲಿ ಎರಡೂವರೆ ನಕ್ಷತ್ರ ಸಾಕಿತ್ತು.

ಮೊದಲ ವರ್ಷವನ್ನು ಕಾಪಾಡುವುದು ವಾರಕ್ಕೊಂದು ಬರುವ ಲೆಕ್ಕದ ಹಾಳೆ. ಅದನ್ನು ಯೂಬುಂಗ್ ಎನ್ನುತ್ತಾರೆ. ಮೂರೋ ನಾಲ್ಕೋ ಲೆಕ್ಕಗಳು, ಬಿಡಿಸಲು ಏಳು ದಿನ, ಇಬ್ಬರು ಮೂವರು ಸೇರಿ ಮಾಡಲು ಅನುಮತಿ. ಸೆಮಿಸ್ಟರಿನ ಕೊನೆಗೆ ಒಟ್ಟು ಅಂಕಗಳಲ್ಲಿ ಅರ್ಧದಷ್ಟಾದರೂ ಬಾರದಿದ್ದರೆ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ನಮ್ಮ ಘನಸ್ಥಿತಿ ಸಿದ್ಧಾಂತದ ತರಗತಿಯಲ್ಲಿ ಇದರ ಮೇಲೆ ಇನ್ನೊಂದು ಬಿಗಿಯಿತ್ತು: ಬಾಗಿಲ ಬಳಿ ಒಂದು ಪಟ್ಟಿ ಇಟ್ಟಿರುತ್ತಿದ್ದರು, ಯಾವ ಲೆಕ್ಕವನ್ನು ಬೋರ್ಡಿನ ಮೇಲೆ ವಿವರಿಸಬಲ್ಲೆವೋ ಅದರ ಎದುರು ಗುರುತು ಹಾಕಬೇಕು, ಗುರುತು ಹಾಕಿದವರಲ್ಲಿ ಒಬ್ಬರನ್ನು ಟ್ಯೂಟರ್ ಕರೆಯುತ್ತಾರೆ, ವಿವರಿಸಲಾಗದಿದ್ದರೆ ಆ ಹಾಳೆಯ ಎಲ್ಲ ಅಂಕಗಳೂ ಹೋಗುತ್ತವೆ. ಆರನೆಯ ವಾರ ಬೊಗೊಲ್ಯುಬೊವ್ ರೂಪಾಂತರದ (ಅನೇಕ ಕಣಗಳ ಸಮೀಕರಣವನ್ನು ಸರಳ ರೂಪಕ್ಕೆ ತರುವ ಒಂದು ಗಣಿತ ತಂತ್ರ) ಲೆಕ್ಕವನ್ನು ನಾನು ಜೊತೆಗಾರನ ಹಾಳೆಯಿಂದ ನೋಡಿ ಬರೆದಿದ್ದೆ, ಗುರುತನ್ನೂ ಹಾಕಿದ್ದೆ. ಕರೆದದ್ದು ನನ್ನನ್ನೇ. ಎರಡು ಸಾಲು ಬರೆಯುವಷ್ಟರಲ್ಲಿ ಟ್ಯೂಟರ್ ಕೇಳಿದ್ದು ಒಂದೇ ಪ್ರಶ್ನೆ: ಎರಡು ಗುಣಾಂಕಗಳ ವರ್ಗಗಳ ಮೊತ್ತ ಒಂದು ಎಂದು ಬರೆಯದೆ ವ್ಯತ್ಯಾಸ ಒಂದು ಎಂದು ಏಕೆ ಬರೆದಿರಿ? ಬೋಸಾನುಗಳೆಂಬ ಬಗೆಯ ಕಣಗಳ ವಿನಿಮಯ ನಿಯಮ ರೂಪಾಂತರದ ನಂತರವೂ ಉಳಿಯಬೇಕಾದರೆ ಅದು ವ್ಯತ್ಯಾಸವೇ ಆಗಿರಬೇಕು, ಇನ್ನೊಂದು ಬಗೆಯ ಕಣಗಳಾದ ಫರ್ಮಿಯಾನುಗಳಾಗಿದ್ದರೆ ಮೊತ್ತವಾಗುತ್ತಿತ್ತು ಎಂಬ ಒಂದು ಸಾಲಿನ ಉತ್ತರ ನನ್ನ ಬಾಯಿಂದ ಹೊರಡಲಿಲ್ಲ. ಟ್ಯೂಟರ್ ಗದರಲಿಲ್ಲ, ಪಟ್ಟಿಯಲ್ಲಿ ನನ್ನ ಗುರುತುಗಳ ಮೇಲೆ ಒಂದು ಗೆರೆ ಎಳೆದು ಮುಂದಿನವರನ್ನು ಕರೆದರು. ಆ ಸಂಜೆ ಹಾಸ್ಟೆಲಿನ ಅಡುಗೆಮನೆಯ ಮೇಜಿನ ಮೇಲೆ ಆ ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಅಲ್ಲಿಂದ ಮುಂದೆ ಗುರುತು ಹಾಕುವ ಮೊದಲು ಪ್ರತಿ ಸಾಲಿಗೂ ‘ಏಕೆ’ ಎಂದು ಕೇಳಿಕೊಳ್ಳುವುದು ಅಭ್ಯಾಸವಾಯಿತು. ಪುಸ್ತಕದ ಕೊನೆಯ ಲೆಕ್ಕಗಳನ್ನು ಪರೀಕ್ಷೆಯ ಹಿಂದಿನ ವಾರ ಮಾತ್ರ ನೋಡಿ ಗೆದ್ದವರಿಗೆ ಈ ವ್ಯವಸ್ಥೆ ಮೊದಲ ಎರಡು ತಿಂಗಳು ಬೆವರಿಳಿಸುತ್ತದೆ. ನನ್ನ ಮಟ್ಟಿಗೆ ಮೊದಲ ವರ್ಷದಲ್ಲಿ ಕೊಟ್ಟ ಹಣಕ್ಕೆ ಮೋಸವಾಗದ ಜಾಗ ಇದು.

ಉನ್ನತ ಪ್ರಯೋಗಾಲಯವೂ ಇದೇ ಬಗೆಯದು. ವಿಕಿರಣದ ಪ್ರಯೋಗಗಳಿಗೆ ಮೊದಲು ಸುರಕ್ಷತೆಯ ಪಾಠವನ್ನು ಕೇಳಿ ಸಹಿ ಹಾಕಬೇಕು. ಪ್ರಯೋಗದ ದಿನ ಬೆಳಿಗ್ಗೆ ಮೌಖಿಕವಾಗಿ ಪ್ರಶ್ನಿಸುತ್ತಾರೆ, ಸಿದ್ಧವಾಗಿ ಬಂದಿಲ್ಲವೆಂದು ಕಂಡರೆ ಅಲ್ಲಿಂದಲೇ ಮನೆಗೆ ಕಳುಹಿಸುತ್ತಾರೆ. ನಮಗೆ ಬಂದದ್ದು ಕಾಂಪ್ಟನ್ ಚದುರಿಕೆ. ಸೀಸಿಯಂ-137ರ 662 ಕೆ.ಇ.ವಿ. (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಮಾನ) ಗಾಮಾ ಕಿರಣಗಳನ್ನು ಚದುರಿಸಿ, ಬೇರೆಬೇರೆ ಕೋನಗಳಲ್ಲಿ ಸೋಡಿಯಂ ಅಯೊಡೈಡ್ ಡಿಟೆಕ್ಟರಿನಿಂದ ಶಕ್ತಿಯನ್ನು ಅಳೆಯಬೇಕು. 90 ಡಿಗ್ರಿಯಲ್ಲಿ ಅದು 288 ಕೆ.ಇ.ವಿ. ಆಸುಪಾಸಿಗೆ ಇಳಿಯುತ್ತದೆ. ಚದುರಿದ ಶಕ್ತಿಯ ವಿಲೋಮವನ್ನು ಕೋನದ ಫಲನಕ್ಕೆದುರಾಗಿ ಗುರುತಿಸಿದರೆ ಸರಳರೇಖೆ ಬರುತ್ತದೆ, ಅದರ ಇಳಿಜಾರಿನಿಂದ ಎಲೆಕ್ಟ್ರಾನಿನ ದ್ರವ್ಯರಾಶಿ ಸಿಗುತ್ತದೆ. ನಮ್ಮ ಬಿಂದುಗಳು ನೂಲು ಹಿಡಿದಂತೆ ರೇಖೆಯ ಮೇಲೆ ಕುಳಿತಿದ್ದವು. ಹೆಮ್ಮೆಯಿಂದ ಒಪ್ಪಿಸಿದ ವರದಿ ನಾಲ್ಕೇ ದಿನಕ್ಕೆ ಮರಳಿ ಬಂತು, ಅಂಚಿನಲ್ಲಿ ಕೆಂಪು ಶಾಯಿಯ ಒಂದು ಸಾಲಿತ್ತು: ‘ಇದು ಅತಿ ಚೆನ್ನಾಗಿದೆ, ಆದ್ದರಿಂದ ತಪ್ಪು.’

ತಪ್ಪು ನಿಜವಾಗಿಯೂ ಇತ್ತು. ಡಿಟೆಕ್ಟರಿನ ಎಣಿಕೆಗಳ ನಕ್ಷೆಯಲ್ಲಿ ಕಾಣುವ ಶಿಖರದ ಅಗಲವನ್ನೇ ನಾವು ಅದರ ಸ್ಥಾನದ ಅನಿಶ್ಚಿತತೆಯೆಂದು ಬರೆದುಬಿಟ್ಟಿದ್ದೆವು. ಸಾವಿರಾರು ಎಣಿಕೆಗಳಿರುವ ಶಿಖರದ ಮಧ್ಯಬಿಂದು ಅದರ ಅಗಲಕ್ಕಿಂತ ಎಷ್ಟೋ ಪಟ್ಟು ನಿಖರವಾಗಿ ತಿಳಿಯುತ್ತದೆ. ಅಗಲವನ್ನು ಎಣಿಕೆಯ ವರ್ಗಮೂಲದಿಂದ ಭಾಗಿಸಬೇಕಾಗಿತ್ತು. ಭಾಗಿಸಿದಾಗ ದೋಷಪಟ್ಟಿಗಳು (ಎರರ್ ಬಾರ್) ಕುಗ್ಗಿದವು, ಅಲ್ಲಿಯವರೆಗೆ ಒಂದಕ್ಕಿಂತ ಬಹಳ ಕೆಳಗಿದ್ದ ಕೈ-ವರ್ಗದ (ಕೈ-ಸ್ಕ್ವೇರ್, ಬಿಂದುಗಳು ರೇಖೆಗೆ ಎಷ್ಟು ಹೊಂದುತ್ತವೆಂಬುದರ ಅಳತೆ; ಒಂದರ ಆಸುಪಾಸಿದ್ದರೆ ಸರಿ) ಮೌಲ್ಯ ಮೂರನ್ನು ದಾಟಿತು, ನೇರವಾಗಿದ್ದ ರೇಖೆಯಲ್ಲಿ ಸಣ್ಣದೊಂದು ಬಾಗು ಕಾಣಿಸಿತು. ಬಾಗಿನ ಮೂಲ ಹುಡುಕುತ್ತಾ ಹೋದರೆ, ಕೋನಮಾಪಕದ ಸೊನ್ನೆಯ ಗುರುತು ಹೆಚ್ಚುಕಡಿಮೆ ಎರಡು ಡಿಗ್ರಿ ಪಕ್ಕಕ್ಕೆ ಸರಿದಿತ್ತು. ಅದನ್ನು ಸರಿಪಡಿಸಿ ಬರೆದ ಉತ್ತರ 507 ± 6 ಕೆ.ಇ.ವಿ.; ಪುಸ್ತಕದ 511 ಅದರೊಳಗೇ ಬರುತ್ತದೆ. ವರದಿ ಹನ್ನೆರಡು ಪುಟದಿಂದ ಹತ್ತೊಂಬತ್ತಕ್ಕೆ ಬೆಳೆದಿತ್ತು. ಪುಸ್ತಕದ ಉತ್ತರಕ್ಕೆ ಹತ್ತಿರವಾದಷ್ಟೂ ಅಂಕ ಹೆಚ್ಚು ಎಂಬ ನನ್ನ ಹಳೆಯ ನಂಬಿಕೆ ಕಳಚಿಬಿದ್ದದ್ದು ಆ ಕೆಂಪು ಶಾಯಿಯಿಂದ, ಇದಕ್ಕೆ ಐದು ನಕ್ಷತ್ರಗಳನ್ನೂ ಕೊಡುತ್ತೇನೆ.

ಪರೀಕ್ಷೆಗಳಲ್ಲಿ ಅನೇಕವು ಮೌಖಿಕ. ಪ್ರಾಧ್ಯಾಪಕರು, ಟಿಪ್ಪಣಿ ಬರೆದುಕೊಳ್ಳುವ ಸಹಪರೀಕ್ಷಕರು, ನಡುವೆ ಬಿಳಿ ಹಾಳೆಗಳ ಕಟ್ಟು, ಅರ್ಧ ಗಂಟೆ. ನನ್ನ ಪರಮಾಣು ಭೌತಶಾಸ್ತ್ರದ ಪರೀಕ್ಷೆ ಹೈಡ್ರೋಜನಿನ ಶಕ್ತಿಮಟ್ಟಗಳ ಚಿತ್ರದಿಂದ ಆರಂಭವಾಗಿ, ಎರಡನೆಯ ಮಟ್ಟದ ಸೂಕ್ಷ್ಮ ಸೀಳಿಕೆ (ಒಂದು ಮಟ್ಟ ಹತ್ತಿರಹತ್ತಿರದ ಮಟ್ಟಗಳಾಗಿ ಒಡೆಯುವುದು) ಎಷ್ಟಿದ್ದೀತು ಎಂಬಲ್ಲಿಗೆ ಬಂತು. ಬಾಯಿಪಾಠವಿದ್ದ ಸಂಖ್ಯೆಯನ್ನು ಹೇಳಿದರೆ ಒಪ್ಪಲಿಲ್ಲ, ಹೈಡ್ರೋಜನಿನ ಅಯಾನೀಕರಣ ಶಕ್ತಿಯಾದ 13.6 ಇ.ವಿ.ಯಿಂದ ಹೊರಟು, ಸೂಕ್ಷ್ಮರಚನಾ ಸ್ಥಿರಾಂಕವಾದ 1/137ರ ವರ್ಗವನ್ನು ಬಳಸಿ ಎದುರಿಗೇ ಅಂದಾಜು ಮಾಡಿ ತೋರಿಸಬೇಕಾಯಿತು. ಈ ಪದ್ಧತಿ ನ್ಯಾಯವಾದುದೇ. ಆದರೆ ಇದರ ಸುತ್ತಲಿನ ನಿಯಮಗಳು ಹೊರದೇಶದ ವಿದ್ಯಾರ್ಥಿಗೆ ಗಂಟಲಲ್ಲಿ ಸಿಕ್ಕ ಕಡುಬು. ಒಂದೇ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೂರು ಸಲ ನಪಾಸಾದರೆ ಆ ಪದವಿಯಿಂದಲೇ ಹೊರಹಾಕುತ್ತಾರೆ, ಬೇರೆ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸಿಗೆ ಸೇರುವ ದಾರಿಯೂ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ, ಅದರ ಬೆನ್ನಿಗೇ ವಾಸದ ಪರವಾನಗಿಯ ಪ್ರಶ್ನೆಯೂ ಏಳುತ್ತದೆ. ನಾನು ಒಂದು ಪರೀಕ್ಷೆಗೆ ಹೆಸರು ನೋಂದಾಯಿಸಲು ಒಂದು ದಿನ ತಡಮಾಡಿದೆ. ನೋಂದಣಿಗೆ ಒಂದು ಗುಂಡಿ ಒತ್ತುವುದಷ್ಟೇ ಬಾಕಿಯಿತ್ತು. ಪರೀಕ್ಷಾ ಕಚೇರಿಯವರು ಸೌಜನ್ಯದಿಂದಲೇ ಆಗದೆಂದರು, ಆ ಪತ್ರಿಕೆಗಾಗಿ ಆರು ತಿಂಗಳು ಕಾದೆ. ಪರೀಕ್ಷಾ ನಿಯಮಾವಳಿಯ ಅಧಿಕೃತ ಪಾಠ ಜರ್ಮನ್ ಭಾಷೆಯಲ್ಲಿದೆ, ಇಂಗ್ಲಿಷ್ ಅನುವಾದ ತಿಳುವಳಿಕೆಗೆ ಮಾತ್ರ ಎಂದು ಅದರ ತಲೆಯ ಮೇಲೇ ಬರೆದಿರುತ್ತಾರೆ. ಇಂಗ್ಲಿಷ್ ಮಾಧ್ಯಮವೆಂದು ಪ್ರಚಾರ ಮಾಡುವ ಕೋರ್ಸಿಗೆ ಇದು ಶೋಭೆಯಲ್ಲ.

ಭಾಷೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಪಾಠ, ಪರೀಕ್ಷೆ, ಪ್ರಬಂಧಗಳಿಗೆ ಜರ್ಮನ್ ಬೇಕಾಗಲಿಲ್ಲ, ಬೇಕಾದದ್ದು ವರ್ಕ್‌ಶಾಪಿನಲ್ಲಿ. ತಾಮ್ರದ ಸ್ಯಾಂಪಲ್ ಹೋಲ್ಡರೊಂದನ್ನು ಮಾಡಿಸಲು ನಕ್ಷೆ ಹಿಡಿದು ಹೋದಾಗ ಅಲ್ಲಿನ ಹಿರಿಯ ಫಿಟ್ಟರ್ ನನ್ನ ನಕ್ಷೆಯಲ್ಲಿ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ನಡೆದೀತು ಎಂಬುದು) ಬರೆದಿಲ್ಲವೆಂದು ಎರಡು ಸಲ ವಾಪಸು ಕಳುಹಿಸಿದರು. ಮೂರನೆಯ ಸಲ ನಾನು ತಿರುಪಿನ ಅಳತೆಗಳನ್ನು ಜರ್ಮನ್‌ನಲ್ಲಿ ತೊದಲಿದ ಮೇಲೆ ಕಾಗದದ ಮೇಲೆ ತಾವೇ ತಿದ್ದಿ, ಮರುದಿನವೇ ಹೋಲ್ಡರನ್ನು ಕೈಗಿತ್ತರು.

ಆ ಹೋಲ್ಡರ್ ಬೇಕಾಗಿದ್ದುದು ಸಂಶೋಧನೆಯ ವರ್ಷಕ್ಕೆ. ನಯೋಬಿಯಂ ಲೋಹದ ತೆಳುಪದರಗಳು ಯಾವ ತಾಪಮಾನದಲ್ಲಿ ಅತಿವಾಹಕವಾಗುತ್ತವೆ, ಅಂದರೆ ರೋಧವಿಲ್ಲದೆ ವಿದ್ಯುತ್ತನ್ನು ಹರಿಸುತ್ತವೆ ಎಂದು ನಾಲ್ಕು ತಂತಿಗಳ ವಿಧಾನದಲ್ಲಿ ಅಳೆಯುವುದು ನನ್ನ ಕೆಲಸ. ಗಟ್ಟಿ ನಯೋಬಿಯಂ 9.2 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಪದರ ತೆಳುವಾದಷ್ಟೂ ಅದು ಕೆಳಗಿಳಿಯುತ್ತದೆ. ಪ್ರಾಧ್ಯಾಪಕರು ವಾರಕ್ಕೊಮ್ಮೆ ಸಿಗುತ್ತಿದ್ದರು, ದಿನನಿತ್ಯದ ಗುರು ಪಿಎಚ್.ಡಿ. ಮಾಡುತ್ತಿದ್ದ ಸಹೋದ್ಯೋಗಿ. ಈ ಒಬ್ಬ ವ್ಯಕ್ತಿಯ ತಾಳ್ಮೆಯ ಮೇಲೆ ಇಡೀ ವರ್ಷ ನಿಂತಿರುತ್ತದೆ. ಗುಂಪು ಆರಿಸುವಾಗ ಪ್ರಾಧ್ಯಾಪಕರ ಖ್ಯಾತಿಯನ್ನು ವಿಚಾರಿಸುವ ಬದಲು ಅಲ್ಲಿನ ಪಿಎಚ್.ಡಿ. ವಿದ್ಯಾರ್ಥಿಗಳ ಜೊತೆ ಒಂದು ಮಧ್ಯಾಹ್ನ ಕುಳಿತು ಬರುವುದು ಮೇಲು. ಹ್ಯಾಂಬರ್ಗಿನ ಡೇಸಿ, ಡಾರ್ಮ್‌ಸ್ಟಾಟ್‌ನ ಜಿ.ಎಸ್.ಐ., ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳಂಥ, ವಿಶ್ವವಿದ್ಯಾಲಯದ ಹೊರಗಿನ ಸಂಶೋಧನಾ ಕೇಂದ್ರಗಳಲ್ಲಿಯೂ ಪ್ರಬಂಧದ ಕೆಲಸ ಮಾಡಬಹುದು, ವಿಶ್ವವಿದ್ಯಾಲಯದ ಪರೀಕ್ಷಕರೊಬ್ಬರು ಒಪ್ಪಿಕೊಳ್ಳಬೇಕಷ್ಟೆ.

ಪ್ರಬಂಧವನ್ನು ಪರೀಕ್ಷಾ ಕಚೇರಿಯಲ್ಲಿ ನೋಂದಾಯಿಸಿದ ದಿನದಿಂದ ನನಗೆ ಆರು ತಿಂಗಳ ಗಡುವು. ನೋಂದಾಯಿಸಿದ ಮೂರನೆಯ ವಾರ ಸ್ಯಾಂಪಲನ್ನು ಅತಿ ತಣ್ಣಗಿಡುವ ಉಪಕರಣವಾದ ಕ್ರಯೋಸ್ಟಾಟ್ ಕೈಕೊಟ್ಟಿತು. ಕೋಣೆಯ ತಾಪಮಾನದಲ್ಲಿ ಹೀಲಿಯಂ ಸೋರಿಕೆ ಪತ್ತೆಯಂತ್ರ ಎಲ್ಲಿ ಹಿಡಿದರೂ ಸುಮ್ಮನಿರುತ್ತಿತ್ತು, ದ್ರವ ಸಾರಜನಕದಿಂದ 77 ಕೆಲ್ವಿನ್‌ಗೆ ತಣಿಸಿದೊಡನೆ ನಿರ್ವಾತ ಕೆಡುತ್ತಿತ್ತು. ಬಿಸಿ ಮಾಡಿದರೆ ಸೋರಿಕೆ ಮಾಯ, ತಣಿಸಿದರೆ ಹಾಜರ್. ಹೀಗೆ ತಣಿಸುವುದು, ಕಾಯಿಸುವುದು, ಒಂದೊಂದೇ ಜೋಡಣೆಯನ್ನು ಬಿಚ್ಚಿ ಮತ್ತೆ ಮುಚ್ಚುವುದು ಎಂದು ಏಳು ವಾರ ಕಳೆದವು. ಕೊನೆಗೆ ಸಿಕ್ಕಿದ ಅಪರಾಧಿ, ಇಂಡಿಯಂ ಎಂಬ ಮೆದು ಲೋಹದ ತಂತಿಯನ್ನು ಒತ್ತಿ ಸಂದು ಮುಚ್ಚುವ ಒಂದು ಸೀಲು: ಹಿಂದಿನವರು ಹಳೆಯ ಇಂಡಿಯಂ ತಂತಿಯನ್ನು ಪೂರ್ತಿ ಕೆರೆದು ತೆಗೆಯದೆ ಅದರ ಮೇಲೇ ಹೊಸದನ್ನು ಒತ್ತಿದ್ದರು, ಲೋಹ ತಣಿದು ಕುಗ್ಗಿದಾಗ ಅಲ್ಲೊಂದು ಕೂದಲೆಳೆಯಷ್ಟು ಸಂದು ಬಿಡುತ್ತಿತ್ತು. ಪ್ಲಾಸ್ಟಿಕ್ ಪಟ್ಟಿಯಿಂದ ಹಳೆಯದನ್ನೆಲ್ಲ ಕೆರೆದು ಒರೆಸಿ ಹೊಸ ತಂತಿ ಹಾಕಲು ಹಿಡಿದದ್ದು ನಲವತ್ತು ನಿಮಿಷ. ಗಡುವಿನ ಗಡಿಯಾರ ಮಾತ್ರ ಈ ಏಳು ವಾರವೂ ನಿಲ್ಲಲಿಲ್ಲ. ಉಪಕರಣ ಕೆಟ್ಟರೆ ಕಾಲಾವಕಾಶ ಕೇಳುವ ಅರ್ಜಿಯೊಂದಿದೆ, ಅದನ್ನು ಕೆಟ್ಟ ಕೂಡಲೇ ಮಾರ್ಗದರ್ಶಕರ ಸಹಿಯೊಡನೆ ಸಲ್ಲಿಸಬೇಕೆಂದು ನನಗೆ ಯಾರೂ ಹೇಳಲಿಲ್ಲ. ಸರಿಯಾದ ಮೇಲೆ ಕೇಳಿದ್ದಕ್ಕೆ ನಾಲ್ಕೇ ವಾರ ಸಿಕ್ಕಿತು. ಮೊದಲ ಅಳತೆ ಕೈಗೆ ಬಂದ ಮೇಲೆಯೇ ನೋಂದಾಯಿಸಿಕೊಳ್ಳಿ ಎಂದು ನನ್ನ ನಂತರ ಬಂದವರಿಗೆಲ್ಲ ಹೇಳಿದ್ದೇನೆ, ನಿಯಮಗಳು ಅದಕ್ಕೆ ಅಡ್ಡಿಯಾಗುವುದಿಲ್ಲ.

ಅಳೆಯಬೇಕೆಂದಿದ್ದ ಎಂಟು ಪದರಗಳಲ್ಲಿ ಐದನ್ನು ಅಳೆದೆ. ರೋಧ ಹಠಾತ್ತನೆ ಸೊನ್ನೆಗೆ ಕುಸಿಯುವ ಆ ರೇಖೆಯನ್ನು ರಾತ್ರಿ ಹನ್ನೊಂದಕ್ಕೆ ಪರದೆಯ ಮೇಲೆ ಮೊದಲ ಸಲ ಕಂಡಾಗ, ಪಕ್ಕದಲ್ಲಿ ಯಾರೂ ಇಲ್ಲವೆಂಬ ಬೇಸರ ಆಗಿದ್ದು ನಿಜ.

ಸರ್ಕಾರಿ ಕಚೇರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಊರಿಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕೆಂದು ಕಾನೂನು ಹೇಳುತ್ತದೆ, ಹಾಗೆ ಮಾಡಲು ಭೇಟಿಯ ದಿನ ಐದು ವಾರದ ಆಚೆಗೆ ಸಿಗುತ್ತದೆ. ವಾಸದ ಪರವಾನಗಿಯ ನವೀಕರಣ ತಡವಾಗಿ ಮೂರು ತಿಂಗಳು ತಾತ್ಕಾಲಿಕ ಪತ್ರದ ಮೇಲೆ ಕಳೆದೆ. 2024ರ ಮಾರ್ಚಿನಿಂದ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ದುಡಿಯಬಹುದು. ವಿಶ್ವವಿದ್ಯಾಲಯದೊಳಗಿನ ‘ಹೀವಿ’ ಕೆಲಸ, ಅಂದರೆ ವಿದ್ಯಾರ್ಥಿ ಸಹಾಯಕನ ಕೆಲಸ, ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನು ಹೊಸಬರು ತಿಳಿದಿರುವುದು ಒಳ್ಳೆಯದು. ಮೂರನೆಯ ಸೆಮಿಸ್ಟರಿನಲ್ಲಿ ನಾನು ಮಾಡಿದ ಹೀವಿ ಕೆಲಸ ಲೆಕ್ಕದ ಹಾಳೆಗಳನ್ನು ತಿದ್ದುವುದಾಗಿತ್ತು. ಬೊಗೊಲ್ಯುಬೊವ್ ವಾರದಲ್ಲಿ ಪದಪದವೂ ಹೊಂದುವ ಎರಡು ಹಾಳೆಗಳು ಬಂದವು, ಎರಡರ ಪಕ್ಕದಲ್ಲೂ ಒಂದೇ ಪ್ರಶ್ನೆಯನ್ನು ಬರೆದು ಕಳುಹಿಸಿದೆ.

ಸೈದ್ಧಾಂತಿಕ ತಳಹದಿ ಗಟ್ಟಿಯಿದ್ದು, ಒಂದು ವರ್ಷವನ್ನು ಒಂದೇ ಪ್ರಶ್ನೆಯ ಹಿಂದೆ ಕಳೆಯಲು ಮನಸ್ಸಿರುವವರು ಕಣ್ಣುಮುಚ್ಚಿ ಸೇರಬಹುದು. ಒಳ್ಳೆಯ ಪಾಠ ಕೇಳುವ ಆಸೆಯಿಂದ ಹೊರಟವರು ಹಣ ಉಳಿಸಿಕೊಳ್ಳುವುದು ಲೇಸು. ನೌಕರಿಗಾಗಿ ಬರುವವರಿಗೆ ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ, ಆದರೆ ಆ ಹೊತ್ತಿಗೆ ಜರ್ಮನ್ ಬಾರದಿದ್ದರೆ ಪ್ರಯೋಗಾಲಯದ ಹೊರಗೆ ಬಾಗಿಲುಗಳು ಕಡಿಮೆ. ಪ್ರಬಂಧದ ಅಂಕ ಕಂಪ್ಯೂಟರಿನಲ್ಲಿ ದಾಖಲಾದ ವಾರ ಪ್ರಯೋಗಾಲಯದ ಕೀಲಿಕೈಯನ್ನು ಹಿಂದಿರುಗಿಸಿದೆ; ಠೇವಣಿಯ 20 ಯೂರೋ ಅಲ್ಲೇ ಕೈಗೆ ಬಂತು, ಪದವಿ ಪತ್ರ ಬರಲು ಮತ್ತೆ ಒಂಬತ್ತು ವಾರ ಹಿಡಿಯಿತು.